ನಲ್ಲಿ ನಿಂತ ಮೇಲೆ

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ನೀರಮ್ಮ ಎಂದೇ ಕರೆಯುತ್ತಿದ್ದರು. ತಾರಸಿಯ ಮೇಲಿನ ದೊಡ್ಡ ಟ್ಯಾಂಕಿನಿಂದ ಒಂದೊಂದು ಮನೆಗೂ ಒಂದೊಂದು ಪೈಪು ಇಳಿದಿತ್ತು, ಒಂದೊಂದು ಪೈಪಿಗೂ ಒಂದೊಂದು ವಾಲ್ವು. ಯಾರ ಮನೆಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಉಸ್ತುವಾರಿಯೆಲ್ಲ ಅವಳದು. ಯಾರೂ ಕರೆದು ಕೊಟ್ಟ ಅಧಿಕಾರವಲ್ಲ. ಗಂಡ ತೀರಿಕೊಂಡ ಹೊಸದರಲ್ಲಿ ಮನೆಯೊಳಗೆ ಕೂರಲಾರದೆ ತಾರಸಿಗೆ ಹೋಗಿ ಕೂರುತ್ತಿದ್ದಳು. ಸುಮ್ಮನೆ ಕೂರಲಾರದೆ ವಾಲ್ವು ತಿರುಗಿಸತೊಡಗಿದಳು, ಅಷ್ಟೇ. "ನೀರಮ್ಮ ಸಿಟ್ಟಾದ್ರೆ ನಮಗೆಲ್ಲ ಮುಖ ತೊಳೆಯೋಕೂ ಗತಿಯಿಲ್ಲ" ಎಂದು ನೆಲಮಹಡಿಯಲ್ಲಿದ್ದ ಇಸ್ತ್ರಿ ಅಕ್ಕ ಒಂದು ಕಾಲದಲ್ಲಿ ನಗಾಡುತ್ತಿದ್ದಳು.

ಉಳಿದ ಹೊತ್ತು ನೀರಮ್ಮ ಮನೆಯ ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತು, ಟೈಲರ್ ಕಳಿಸುವ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಮಗ ಹಾಲಿನ ವ್ಯಾನು ಓಡಿಸುತ್ತಿದ್ದ. ಸೂರ್ಯ ಹುಟ್ಟುವ ಮೊದಲೇ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು, ಉಂಡು ಮಲಗಿಬಿಡುವವನು. ಸೊಸೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಇಂಥ ನೀರಮ್ಮನಿಗೆ ನೀರಿನ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು.

ಅದಕ್ಕೆ ಕಾರಣ ಅವಳ ನೆತ್ತಿಯ ಮೇಲಿನ ಮನೆ. ಈಗ ಅದು ಖಾಲಿ. ಮೊದಲು ಅಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಆ ಹೆಂಡತಿ ಆಗಾಗ ಇಳಿದು ಬಂದು ಬಾಗಿಲ ಚೌಕಟ್ಟಿಗೆ ಆತು ನಿಲ್ಲುತ್ತಿದ್ದಳು. "ಅಕ್ಕಾ, ಒಂದೆಳೆ ಕಪ್ಪು ದಾರ ಕೊಡ್ತೀರಾ? ರವಿಕೆ ಹುಕ್ಕು ಕಿತ್ತು ಬಂತು." ವಾರ ಕಳೆದರೆ ಮತ್ತೆ ಬರುವಳು. ಒಬ್ಬಳ ರವಿಕೆಯ ಹುಕ್ಕು ಅಷ್ಟು ಸಲ ಯಾಕೆ ಕಿತ್ತು ಬರುತ್ತದೆ ಎಂದು, ಹುಕ್ಕು ಗುಂಡಿ ಹಾಕಿಯೇ ಹೊಟ್ಟೆ ಹೊರೆಯುವ ನೀರಮ್ಮ ಒಂದು ದಿನವೂ ಕೇಳಲಿಲ್ಲ. ದಾರದ ಉಂಡೆಯನ್ನೇ ಕೊಟ್ಟು, "ಇಟ್ಕೋ ಮಾರಾಯ್ತಿ, ಮೆಟ್ಟಿಲು ಹತ್ತಿ ಇಳಿದು ಸವೆದು ಹೋಗ್ತೀಯ" ಎಂದು ತಮಾಷೆ ಮಾಡಿ ಕಳಿಸಿದ್ದಳು.

ಆ ಮನೆಯ ಮೇಲೆ ಎಲ್ಲರ ದೂರು ಒಂದೇ. ಮಧ್ಯಾಹ್ನವಾದರೆ ಬಚ್ಚಲ ನಲ್ಲಿಯನ್ನು ಪೂರ್ತಿ ತೆರೆದುಬಿಡುತ್ತಾಳೆ. ಧೋ ಎಂದು ಸುರಿಯುತ್ತಲೇ ಇರುತ್ತದೆ. ಟ್ಯಾಂಕು ತಳ ಕಾಣುತ್ತದೆ, ಸಂಜೆಗೆ ಪಾತ್ರೆ ತೊಳೆಯಲು ಯಾರಿಗೂ ನೀರಿಲ್ಲ. ನೀರಮ್ಮ ಹೋಗಿ ಬಾಗಿಲು ತಟ್ಟಿ ಗದರಿಸಿದ್ದಳು. "ತಪ್ಪಾಯ್ತು ಅಕ್ಕಾ, ಮರೆತೇಬಿಟ್ಟೆ" ಎಂದು ಅವಳು ಅರ್ಧ ಬಾಗಿಲಿನಲ್ಲೇ ನಿಂತು ಹೇಳಿದ್ದಳು. ಮರುದಿನವೂ ಅದೇ ಕಥೆ. ಕೊನೆಗೆ ನೀರಮ್ಮ ಬುದ್ಧಿ ಕಲಿಸುತ್ತೇನೆಂದು, ಮಧ್ಯಾಹ್ನದ ಹೊತ್ತು ಆ ಮನೆಯ ವಾಲ್ವನ್ನೇ ಬಿಗಿದುಬಿಟ್ಟಳು. ಸದ್ದು ನಿಂತಿತು. ಎಲ್ಲರೂ ಹೊಗಳಿದರು. "ನೀರಮ್ಮನ ಮದ್ದಿಗೆ ಬಗ್ಗದವರಿಲ್ಲ" ಅಂದರು. ಆಮೇಲೆ ಒಂದು ದಿನ ಅವಳನ್ನು ಬಟ್ಟೆ ಮುಚ್ಚಿ ಮೆಟ್ಟಿಲಿಳಿಸಿದರು. ಗಂಡನನ್ನು ಪೊಲೀಸರು ಕರೆದೊಯ್ದರು.

ಒಂದನೇ ಮಹಡಿಯ ನರ್ಸಮ್ಮ ಆ ಸಂಜೆ ಮೆಟ್ಟಿಲ ಮೇಲೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದಳು: "ಆಸ್ಪತ್ರೇಲಿ ಇಂಥವರನ್ನ ತುಂಬ ನೋಡಿದೀನಿ. ಹೊಡೆತ ಬೀಳುವಾಗ ಹೊರಗೆ ಕೇಳಿಸಬಾರದು ಅಂತ ನಲ್ಲಿ ಬಿಡ್ತಾರೆ. ಮರ್ಯಾದೆ ಉಳಿಸಿಕೊಳ್ಳೋಕೆ."

ನೀರಮ್ಮ ಅಲ್ಲಿಂದ ಎದ್ದು ಮನೆಗೆ ಹೋಗಿ, ಹೊಲಿಗೆ ಬುಟ್ಟಿಯ ಮುಂದೆ ಸುಮ್ಮನೆ ಕೂತಿದ್ದಳು. ನೀರು ಪೋಲಾಗುತ್ತದೆಂದು ತಾನು ನಿಲ್ಲಿಸಿದ್ದು ಏನನ್ನು ಎಂದು ಅವಳಿಗೆ ಆಗ ತಿಳಿಯಿತು. ನಲ್ಲಿ ನಿಂತ ಮೇಲೆ ಆ ಹುಡುಗಿ ಬಾಯಿಗೆ ಬಟ್ಟೆ ಒತ್ತಿಕೊಂಡಿರಬೇಕು.

ಆ ಕಟ್ಟಡದಲ್ಲಿ ಒಂದು ಕಟ್ಟುಪಾಡು ಹುಟ್ಟಿದ್ದು ಹಾಗೆ, ಅದೂ ನೀರಮ್ಮನ ಮನೆಯಲ್ಲೇ. ಯಾವ ಮನೆಯಿಂದ ಹೊಡೆತದ ಸದ್ದು ಬಂದರೂ ಕೇಳಿದವರು ಸೌಟು ಹಿಡಿದು ಹೋಗಿ ಆ ಮನೆಯ ಬಾಗಿಲು ಬಡಿಯಬೇಕು. ಆ ಸದ್ದಿಗೆ ಉಳಿದವರೆಲ್ಲ ಬರಬೇಕು. ಕೈ ಎತ್ತಿದವನು ಆ ಹೊತ್ತೇ ಹೊರಗೆ ಹೋಗಬೇಕು. ಹೊಡೆಸಿಕೊಂಡವಳು ಮನೆಯಲ್ಲೇ ಇರಬೇಕು. ಅವನು ಕುಡಿದಿದ್ದ, ಅವಳು ಎದುರು ಮಾತಾಡಿದಳು, ಇದು ಮೊದಲನೇ ಸಲ ಎಂಬ ಯಾವ ನೆಪವೂ ನಡೆಯುವುದಿಲ್ಲ. "ಮೊದಲನೇ ಸಲ ಅನ್ನೋದನ್ನ ಕ್ಷಮಿಸಿದ್ರೆ ಎರಡನೇ ಸಲಕ್ಕೆ ನಾವೇ ಬಾಗಿಲು ತೆಗೆದ ಹಾಗೆ" ಎಂದು ಹೇಳಿದ್ದೂ ನೀರಮ್ಮನೇ.

ಆ ಮಾತು ಮೊದಲು ತಟ್ಟಿದ್ದು ಇಸ್ತ್ರಿ ಅಕ್ಕನ ಮನೆಗೆ. ಅವಳ ಮಗ ವೈರಿಂಗ್ ಕೆಲಸದವನು, ಬಾಯಿ ತೆರೆದರೆ ನಗಿಸುವ ಹುಡುಗ, ಒಂದು ಸಂಜೆ ಹೆಂಡತಿಯ ಕೆನ್ನೆಗೆ ಬಾರಿಸಿದ. ಸೌಟುಗಳು ಸದ್ದು ಮಾಡಿದವು. ಇಸ್ತ್ರಿ ಅಕ್ಕ ನೀರಮ್ಮನ ಎರಡೂ ಕೈ ಹಿಡಿದುಕೊಂಡು, "ನಿಂಗೂ ಒಬ್ಬ ಮಗ ಇದ್ದಾನೆ ಕಣೇ. ಒಂದೇ ಒಂದು ಸಲ ಬಿಟ್ಟುಬಿಡು" ಅಂದಳು.

"ಮೇಲಿನವಳಿಗೂ ಮೊದಲನೇ ಸಲ ಅಂತ ಒಂದಿತ್ತಲ್ಲ ಅಕ್ಕಾ" ಅಂದಿದ್ದಳು ನೀರಮ್ಮ.

ಹುಡುಗ ಹೊರಟುಹೋದ. ಸೊಸೆ ಅತ್ತೆಯ ಜೊತೆಗೇ ಉಳಿದಳು. ಇಬ್ಬರೂ ಈಗ ಒಂದೇ ಮೇಜಿನ ಎರಡು ಕಡೆ ನಿಂತು ಇಸ್ತ್ರಿ ಮಾಡುತ್ತಾರೆ. ಆದರೆ ಆ ದಿನದಿಂದ ಇಸ್ತ್ರಿ ಅಕ್ಕ ನೀರಮ್ಮನ ಮುಂದೆ ನಗಾಡಿದ್ದಿಲ್ಲ.

ಇಷ್ಟೆಲ್ಲ ಆದ ಮೇಲೆ, ಮಗನ ಮದುವೆಯಾಗಿ ಕೆಲವು ತಿಂಗಳಿಗೆ, ನೀರಮ್ಮನಿಗೆ ಮತ್ತೆ ಆ ಸದ್ದು ಕೇಳತೊಡಗಿತು.

ಮಧ್ಯಾಹ್ನ. ಕಟ್ಟಡವೆಲ್ಲ ಉಂಡು ತೂಕಡಿಸುವ ಹೊತ್ತು. ಸೂಜಿ ಕೈಯಲ್ಲಿರುವಾಗ ಗೋಡೆಯೊಳಗೆ ಧೋ ಎಂದು ಶುರುವಾಗುತ್ತಿತ್ತು. ಹಳೆಯ ಕಟ್ಟಡ, ಎಲ್ಲ ಮನೆಯ ಪೈಪುಗಳೂ ಬಚ್ಚಲುಗಳ ಹಿಂದೆ ತಾರಸಿಯಿಂದ ನೆಲದವರೆಗಿನ ಒಂದೇ ಕಿಂಡಿಯೊಳಗೆ ಇಳಿದಿದ್ದರಿಂದ, ಯಾರ ಮನೆಯಲ್ಲಿ ನೀರು ಬಿಟ್ಟರೂ ನೆತ್ತಿಯ ಮೇಲೆ ಬಿಟ್ಟಂತೆಯೇ ಕೇಳುತ್ತಿತ್ತು. ಅದು ನೀರಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರೂ ಆ ಹೊತ್ತಿಗೆ, ಆ ಸದ್ದಿಗೆ, ಅವಳ ಕಣ್ಣು ತಾನಾಗಿ ಸೂರಿನ ಕಡೆಗೇ ಏಳುತ್ತಿತ್ತು. ಒಳಕೋಣೆಯಲ್ಲಿ ಮಗ ಸೊಸೆ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದರು. ಬಚ್ಚಲು ಆ ಕೋಣೆಯ ಆಚೆಗೆ. ನೀರಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಮೆಲ್ಲಗೆ ಚಪ್ಪಲಿ ಮೆಟ್ಟಿ, ಮೇಲಿನ ಮನೆಗೆ ಹತ್ತಿಹೋಗುತ್ತಿದ್ದಳು.

ಮನೆ ಮಾಲೀಕ ಕೀಲಿಕೈಯನ್ನು ಅವಳ ಬಳಿಯೇ ಬಿಟ್ಟಿದ್ದ. ಒಳಗೆ ಏನೂ ಇಲ್ಲ. ಧೂಳು, ಗೋಡೆಯ ಮೇಲೆ ಕನ್ನಡಿ ನೇತುಹಾಕಿದ್ದ ಜಾಗದಲ್ಲಿ ಬಿಳಿಯ ಚೌಕ. ಬಚ್ಚಲ ನಲ್ಲಿಯ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಆದರೂ ಪೈಪಿಗೆ ಕೈಯಿಟ್ಟರೆ ಸಣ್ಣಗೆ ನಡುಗುತ್ತಿತ್ತು. ನೀರಮ್ಮ ಬಚ್ಚಲ ಹೊಸ್ತಿಲ ಮೇಲೆ ಕೂತು ಮಾತಾಡುತ್ತಿದ್ದಳು.

"ಏನು ಬೇಕು ತಾಯಿ ನಿನಗೆ? ನಾನಾಗ ಕಿವುಡಿಯಾಗಿದ್ದೆ. ಈಗ ಕೇಳಿಸ್ತಾ ಇದೆ. ಹೇಳು."

ಸದ್ದು ನಿಲ್ಲುವವರೆಗೂ ಕೂತಿರುತ್ತಿದ್ದಳು. ಒಮ್ಮೆ ಕಪ್ಪು ದಾರದ ಹೊಸ ಉಂಡೆಯೊಂದನ್ನು ತಂದು ಕಿಟಕಿಯಲ್ಲಿಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಮ್ಮನಿಗೆ ತಲೆ ಕೆಟ್ಟಿದೆ ಅನ್ನುತ್ತಾನೆ ಮಗ. ಹಾಗೆಂದು, ಹಣೆ ಮುಟ್ಟಿ ನೋಡಿ, ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗುತ್ತಾನೆ. ಅಂಥ ಮಗ. ಹಾಲಿನ ವ್ಯಾನಿನಲ್ಲಿ ಕೂತು ಕೂತು ಸೊಂಟ ನೋಯುತ್ತಿದ್ದರೂ ಅವಳ ಕಾಲಿಗೆ ಎಣ್ಣೆ ತಿಕ್ಕುವವನು.

ಸೊಸೆಯೂ ಒಳ್ಳೆಯವಳೇ. ಬಂದ ಹೊಸದರಲ್ಲಿ ದೊಡ್ಡ ಗಂಟಲು. ಹಾಡುವುದೇನು, ತಟ್ಟೆ ಲೋಟ ಎತ್ತಿ ಕುಕ್ಕುವುದೇನು. ಗಂಡ ಹಗಲು ನಿದ್ದೆ ಮಾಡುವವನೆಂದು ಬರಬರುತ್ತ ಮೆತ್ತಗಾದಳು. ಎಷ್ಟು ಮೆತ್ತಗೆಂದರೆ ಅವಳು ಅಡುಗೆಮನೆಯಲ್ಲಿದ್ದಾಳೋ ಇಲ್ಲವೋ ಎಂದು ನೀರಮ್ಮ ಇಣುಕಿ ನೋಡಬೇಕಾಗುತ್ತಿತ್ತು. "ನಮ್ಮ ಹುಡುಗಿ ಹೂವು ಇಟ್ಟ ಹಾಗೆ ಪಾತ್ರೆ ಇಡ್ತಾಳೆ" ಎಂದು ನರ್ಸಮ್ಮನ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

ಒಂದು ದಿನ ಊಟದ ತಟ್ಟೆ ಎತ್ತುತ್ತ ಸೊಸೆ ಹೇಳಿದಳು: "ಅತ್ತೇ, ಮಧ್ಯಾಹ್ನ ಮೇಲೆ ಹೋಗ್ಬೇಡಿ."

"ಯಾಕೇ? ನಿಂಗೂ ಕೇಳಿಸುತ್ತಾ?"

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. "ಇಲ್ಲೇ ಇರಿ, ಅಷ್ಟೇ" ಅಂದಳು.

ಪಾಪ, ಆ ಖಾಲಿ ಮನೆಯೆಂದರೆ ಭಯ ಹುಡುಗಿಗೆ ಎಂದುಕೊಂಡಳು ನೀರಮ್ಮ. ಅವಳ ತಲೆ ಸವರಿ, "ನಾನಿದೀನಲ್ಲ, ನಿಂಗೇನೂ ಆಗಲ್ಲ" ಎಂದು ಧೈರ್ಯ ಹೇಳಿದಳು. ಅಂದೂ ಸದ್ದು ಬಂತು. ಅಂದೂ ಮೇಲೆ ಹೋದಳು.

ಆಮೇಲೊಂದು ಮಧ್ಯಾಹ್ನ ಸದ್ದು ಎಂದಿಗಿಂತ ಜೋರಾಗಿತ್ತು. ಖಾಲಿ ಮನೆಯ ಬಚ್ಚಲಲ್ಲಿ ಕೂತ ನೀರಮ್ಮನಿಗೆ ಅವತ್ತು ಯಾಕೋ ತಡೆಯಲಾಗಲಿಲ್ಲ. "ಸಾಕು ತಾಯಿ, ಸಾಕು" ಎಂದವಳೇ ಎದ್ದು ತಾರಸಿಗೆ ಹತ್ತಿದಳು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೇಲಿನ ಮನೆಯ ವಾಲ್ವು ಬಿಗಿದದ್ದು ಬಿಗಿದಂತೆಯೇ ತುಕ್ಕು ಹಿಡಿದಿತ್ತು. ಅದನ್ನು ಬಿಟ್ಟು ಅವಳು ಟ್ಯಾಂಕಿನ ಬುಡದ ದೊಡ್ಡ ವಾಲ್ವಿಗೇ ಕೈ ಹಾಕಿದಳು. ಅದನ್ನು ಮುಚ್ಚಿದರೆ ಕಟ್ಟಡದ ಯಾವ ಮನೆಗೂ ಹನಿ ನೀರಿಲ್ಲ. ಬದುಕಿದವರಿಗೂ ಇಲ್ಲ, ಸತ್ತವರಿಗೂ ಇಲ್ಲ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು.

ಧೋ ಎನ್ನುವುದು ಸರ್ರೆಂದಿತು. ಸರ್ರೆನ್ನುವುದು ತೊಟ್ಟಿಕ್ಕಿತು. ನಿಂತಿತು.

ಪೈಪುಗಳು ಇಳಿಯುವ ಕಿಂಡಿಯ ಬಾಯಿ ಅವಳ ಕಾಲ ಬಳಿಯೇ ಇತ್ತು. ಅದರೊಳಗಿಂದ ಒಂದು ದನಿ ಮೇಲೆ ಬಂತು. ಅವಳ ಮಗನ ದನಿ. ಸಿಟ್ಟಿನ ದನಿಯಲ್ಲ, ಅಮ್ಮಾ ಚಹಾ ಆಯ್ತಾ ಎಂದು ಕೇಳುವ ದನಿ.

"ನೀರು ನಿಂತ್ಹೋಯ್ತಲ್ಲ. ಈಗೇನು ಮಾಡ್ತೀಯ?"

ಆಮೇಲೆ ಹೊಡೆತದ ಸದ್ದು. ಆಮೇಲೆ, ಬಾಯಿಗೆ ಏನನ್ನೋ ಒತ್ತಿಕೊಂಡ ಉಸಿರು.

ನೀರಮ್ಮನ ಕೈ ಇನ್ನೂ ವಾಲ್ವಿನ ಮೇಲೆಯೇ ಇತ್ತು. ಆ ಗಳಿಗೆಯಲ್ಲಿ ಅವಳ ಕೈಗೆ ಬೇಕೆನಿಸಿದ್ದು ಒಂದೇ: ಅದನ್ನು ಮತ್ತೆ ತಿರುಗಿಸಿಬಿಡುವುದು. ತಿರುಗಿಸಿದರೆ ನೀರು ಬರುತ್ತದೆ, ಸದ್ದು ಮುಚ್ಚುತ್ತದೆ, ಯಾರೂ ಏನೂ ಕೇಳಿದ್ದಿಲ್ಲ. ಸಂಜೆ ಮಗನನ್ನು ಪಕ್ಕಕ್ಕೆ ಕರೆದು ನಾಲ್ಕು ಮಾತು ಬಯ್ದರಾಯಿತು. ಕೈ ಒಂದಿಷ್ಟು ತಿರುಗಿತು ಕೂಡ. ಒಳಗೆ ನೀರು ಸುಂಯ್ ಎಂದಿತು.

ಅವಳು ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು. ಮೊಣಕಾಲೂರಿ ಕಿಂಡಿಯೊಳಗೆ ಬಗ್ಗಿ, ಅವನು ಬೀದಿಯಲ್ಲಿ ಆಡುತ್ತಿದ್ದಾಗ ಸಂಜೆ ಕರೆಯುತ್ತಿದ್ದ ಹಾಗೆಯೇ ಕೂಗಿದಳು:

"ಪುಟ್ಟಾ!"

ಕೆಳಗೆ ಹೊಡೆತ ನಿಂತಿತು.

ಅವಳು ಇಳಿದು ಬರುವಷ್ಟರಲ್ಲಿ ಮಗ ಬಾಗಿಲು ತೆರೆದುಕೊಂಡು ನಿಂತಿದ್ದ. ನಗುತ್ತಿದ್ದ. "ಏನಮ್ಮಾ, ಊರಿಗೆಲ್ಲ ನೀರು ನಿಲ್ಲಿಸಿಬಿಟ್ಟೆ? ಇವಳು ಬಟ್ಟೆಗೆ ಸೋಪು ಹಾಕಿ ಕೂತಿದಾಳೆ."

ಅವನ ಹಿಂದೆ ಸೊಸೆ. ಒದ್ದೆ ಟವೆಲ್ಲು ಕೆನ್ನೆಗೆ ಹಿಡಿದಿದ್ದಳು. ಬಕೆಟ್ಟಿನಲ್ಲಿ ಬಟ್ಟೆಯೂ ಇರಲಿಲ್ಲ, ಸೋಪೂ ಇರಲಿಲ್ಲ.

ಆ ನಗುವನ್ನು ನಂಬಿಬಿಡುವುದು ಎಷ್ಟು ಸುಲಭವಿತ್ತು! ಅವನ ಹಲ್ಲಿನ ಸಂದಿ, ಬಲಗೆನ್ನೆಯ ಗುಳಿ, ಎಲ್ಲ ತಾನೇ ಹೆತ್ತದ್ದು. ನೀರಮ್ಮ ಮಗನನ್ನು ದಾಟಿ ಒಳಗೆ ಹೋಗಿ ಸೊಸೆಯ ಕೈ ಹಿಡಿದಳು.

"ಬಾ ಮಗಳೇ. ಇಸ್ತ್ರಿ ಅಕ್ಕನ ಮನೆಗೆ ಹೋಗಿ ಬರೋಣ."

"ಈ ಬಿಸಿಲಲ್ಲಿ ಅವರ ಮನೇಲಿ ಏನು ಕೆಲಸ?" ಅಂದ ಮಗ. ನಗು ತುಟಿಯ ಮೇಲೆ ಹಾಗೆಯೇ ಇತ್ತು, ದಾರಿ ಮಾತ್ರ ಬಿಡಲಿಲ್ಲ.

"ದಾರಿ ಬಿಡೋ."

ಅಮ್ಮನ ಆ ದನಿಯನ್ನು ಅವನು ಕೇಳಿರಲಿಲ್ಲ. ಪಕ್ಕಕ್ಕೆ ಸರಿದ.

ಮೆಟ್ಟಿಲಿಳಿಯುವಾಗ ಸೊಸೆ ಮೆಲ್ಲಗೆ ಕೇಳಿದಳು: "ಅತ್ತೇ, ನಿಮಗೆ ಮೊದಲೇ ಕೇಳಿಸ್ತಿತ್ತಾ?"

"ನೀರಿನ ಸದ್ದು ಕೇಳಿಸ್ತಿತ್ತು. ಮೇಲಿನ ಮನೇದು ಅಂದ್ಕೊಂಡೆ."

"ಮೇಲಿನ ಮನೇಲಿ ಯಾರಿದಾರೆ ಅತ್ತೇ?"

ನೀರಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಸತ್ತವಳ ಮುಂದೆ ಕೂತು ಕ್ಷಮೆ ಕೇಳಲೆಂದು, ನಾನು ದಿನಾ ಇವಳನ್ನು ಒಬ್ಬಳೇ ಬಿಟ್ಟು ಹೋಗುತ್ತಿದ್ದೆ. ಹೋಗಬೇಡಿ ಎಂದು ಬಾಯಿ ಬಿಟ್ಟು ಹೇಳಿದರೂ ಹೋದೆ. ಸೊಸೆಯೇ ಅತ್ತೆಯ ತೋಳು ಹಿಡಿದು ಇಳಿಸಿದಳು.

ಇಸ್ತ್ರಿ ಅಕ್ಕ ಮೇಜಿನ ಮುಂದೆ ನಿಂತಿದ್ದಳು. ಬಾಗಿಲಲ್ಲಿ ಇವರಿಬ್ಬರನ್ನು ನೋಡಿದಳು, ಟವೆಲ್ಲನ್ನು ನೋಡಿದಳು, ಇಸ್ತ್ರಿ ಪೆಟ್ಟಿಗೆಯನ್ನು ನಿಧಾನವಾಗಿ ಎತ್ತಿ ನಿಲ್ಲಿಸಿದಳು. ಅವಳ ಸೊಸೆ ಏನೂ ಕೇಳದೆ ಒಂದು ಕುರ್ಚಿ ತಂದು ಈ ಹುಡುಗಿಯನ್ನು ಕೂರಿಸಿದಳು.

"ಓಹೋ" ಅಂದಳು ಇಸ್ತ್ರಿ ಅಕ್ಕ. "ನೀರಮ್ಮ ನನ್ನ ಹೊಸ್ತಿಲಿಗೆ ಬಂದಳಲ್ಲ! ಏನು, ಒಂದೇ ಒಂದು ಸಲ ಬಿಟ್ಟುಬಿಡು ಅನ್ನೋಕೆ ಬಂದ್ಯಾ?"

"ಇಲ್ಲ ಅಕ್ಕಾ. ಸೌಟು ತಗೊಂಡು ಬಾ ಅನ್ನೋಕೆ ಬಂದೆ."

"ನಿನ್ನ ಸೌಟಿಗೇನಾಗಿದೆ? ನನ್ನ ಬಾಗಿಲಿಗೆ ಬಂದಾಗ ಚೆನ್ನಾಗೇ ಸದ್ದು ಮಾಡ್ತಿತ್ತು."

"ನನ್ನ ಮನೆ ಬಾಗಿಲನ್ನ ನಾನು ಬಡಿದ್ರೆ ಅದು ತಾಯಿ ಮಗನ ಜಗಳ ಆಗುತ್ತೆ. ಒಳಗೊಳಗೇ ಮುಗಿಸಿಬಿಡ್ತೀನಿ. ನನ್ನ ಮೇಲೆ ನಂಗೆ ನಂಬಿಕೆ ಇಲ್ಲ ಅಕ್ಕಾ. ಅವನು ಒಂದು ಸಲ ಅತ್ರೆ ನಾನು ಕರಗಿಹೋಗ್ತೀನಿ. ನೀನು ಕರಗಲ್ಲ."

ಇಸ್ತ್ರಿ ಅಕ್ಕ ಮೇಜಿನ ಮೇಲಿದ್ದ ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಕಾಣಲಿಲ್ಲ. "ನನ್ನ ಮಗನೂ ಆವತ್ತು ಅತ್ತಿದ್ದ" ಅಂದಳು. "ಗೇಟಿನವರೆಗೂ ಅಳ್ತಾ ಹೋದ. ಈಗಲೂ ಬಟ್ಟೆ ನೀವುವಾಗ ಕೇಳಿಸುತ್ತೆ ನಂಗೆ." ಆಮೇಲೆ ಕುರ್ಚಿಯಲ್ಲಿದ್ದ ಹುಡುಗಿಯ ಕಡೆ ತಿರುಗಿದಳು. "ಪೊಲೀಸಿಗೆ ಹೇಳೋದೋ ಬೇಡವೋ ನೀನು ಹೇಳಿದ ಹಾಗೆ. ಇವತ್ತೇ ಹೇಳ್ಬೇಕು ಅಂತೇನಿಲ್ಲ. ಆದ್ರೆ ಅವನು ಇವತ್ತು ಹೋಗ್ಬೇಕು. ಅದು ನೀನೂ ಹೇಳ್ಬೇಕಾಗಿಲ್ಲ, ನಿಮ್ಮತ್ತೆಯೂ ಹೇಳ್ಬೇಕಾಗಿಲ್ಲ. ಅದು ನಮ್ಮ ಕೆಲಸ."

ಹುಡುಗಿ ತಲೆಯಾಡಿಸಿದಳು. ಟವೆಲ್ಲನ್ನು ಮಡಿಲಿಗಿಳಿಸಿದಳು. ಕೆನ್ನೆಯನ್ನು ಯಾರು ಬೇಕಾದರೂ ನೋಡಬಹುದಿತ್ತು.

ಇಸ್ತ್ರಿ ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದು ಬಂದು ಮೆಟ್ಟಿಲು ಹತ್ತಿದಳು.

ಸೌಟಿನ ಸದ್ದಿಗೆ ಮನೆಮನೆಯ ಬಾಗಿಲು ತೆರೆದವು. ನರ್ಸಮ್ಮ ನಿದ್ದೆಗಣ್ಣಲ್ಲೇ ಬಂದಳು. ಯಾವ ಮನೆ ಎಂದು ಕೇಳುತ್ತ ಹತ್ತಿ ಬಂದವರು, ಯಾವ ಮನೆಯೆಂದು ಕಂಡ ಕೂಡಲೇ ಅಲ್ಲಲ್ಲೇ ನಿಂತರು. "ನೀರಮ್ಮನ ಮನೆಯಲ್ಲವಾ? ಅವರೇ ನೋಡ್ಕೊಳ್ತಾರೆ ಬಿಡಿ" ಎಂದು ಯಾರೋ ಪಿಸುಗುಟ್ಟಿದರು. "ಅವರೇ ಕರೆದಿದಾರೆ" ಎಂದಳು ಇಸ್ತ್ರಿ ಅಕ್ಕ, ಬಡಿಯುವುದನ್ನು ನಿಲ್ಲಿಸದೆ.

ಮಗ ಮೊದಲು ನಕ್ಕ. ಆಮೇಲೆ ಕೂಗಾಡಿದ. ನಿದ್ದೆಯಿಲ್ಲದ ಕೆಲಸ, ತಲೆ ಸಿಡಿಯುತ್ತದೆ, ಅವಳು ಒಂದು ಲೋಟವನ್ನೂ ಮೆಲ್ಲಗಿಡುವುದಿಲ್ಲ ಎಂದ. ಕೊನೆಗೆ ಅಮ್ಮನ ಕಡೆ ತಿರುಗಿದ. ಅಷ್ಟರಲ್ಲಿ ಅವನ ಕಣ್ಣು ತುಂಬಿತ್ತು.

"ಒಂದೇ ಒಂದು ಸಲ ಅಮ್ಮಾ."

"ಒಂದೇ ಸಲ ಅಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು" ಅಂದಳು ನೀರಮ್ಮ. ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. "ಒಂದೇ ಸಲ ಆಗಿದ್ರೂ ನಾನು ಇಲ್ಲೇ ನಿಂತಿರ್ತಿದ್ದೆ."

ಅವನು ಒಂದು ಚೀಲಕ್ಕೆ ಕೈಗೆ ಸಿಕ್ಕಿದ ಬಟ್ಟೆ ತುರುಕಿಕೊಂಡು ಹೊರಬಂದ. ಜನ ಗೋಡೆಗೆ ಒತ್ತಿ ದಾರಿ ಬಿಟ್ಟರು. ಕೆಳಗಿಳಿದು ತಿರುವಿನಲ್ಲಿ ನಿಂತು, ತಲೆಯೆತ್ತಿ ಕೇಳಿದ:

"ಇವತ್ತು ನಾನು ಎಲ್ಲಿ ಊಟ ಮಾಡ್ಲಿ?"

ಅವನು ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಅವಳ ಹತ್ತಿರ ಉತ್ತರವಿಲ್ಲದ ದಿನ ಇರಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು. ನರ್ಸಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಗೊತ್ತಿಲ್ಲ ಕಂದಾ" ಅಂದಳು.

ಅವನು ಇನ್ನೂ ಏನಾದರೂ ಹೇಳುತ್ತಾಳೆಂದು ಕಾದ. ಆಮೇಲೆ ಇಳಿದುಹೋದ.

ಜನ ಒಬ್ಬೊಬ್ಬರಾಗಿ ಮನೆ ಸೇರಿದರು. ಇಸ್ತ್ರಿ ಅಕ್ಕ ಹುಡುಗಿಯನ್ನು ಮೇಲಕ್ಕೆ ಕರೆತಂದು ಬಿಟ್ಟು, ನೀರಮ್ಮನ ಮುಖ ನೋಡಿ, "ಚಹಾ ಮಾಡಿ ಕಳಿಸ್ತೀನಿ. ಕುಡಿ, ಸಾಯಬೇಡ" ಎಂದು ಗೊಣಗಿಕೊಂಡು ಇಳಿದಳು. ಬಿಸಿಲು ಮೆಟ್ಟಿಲ ಕಿಟಕಿಯಿಂದ ಹೊರಟುಹೋಗುತ್ತಿತ್ತು. ಅವನ ಹೆಜ್ಜೆ ಅಂಗಳ ದಾಟಿದ್ದು ಕೇಳಿಸಿತ್ತು. ಗೇಟಿನ ಸದ್ದು ಮಾತ್ರ ಇನ್ನೂ ಬಂದಿರಲಿಲ್ಲ.

"ಹೋದ್ರಾ ಅತ್ತೇ?" ಸೊಸೆ ಬಾಗಿಲ ಒಳಗಿಂದ ಕೇಳಿದಳು.

"ಇನ್ನೂ ಇಲ್ಲ. ಕೆಳಗೆ ನಿಂತಿದಾನೆ. ನೀನು ಚಿಲಕ ಹಾಕ್ಕೊಂಡು ಮಲಗು."

"ನೀವು?"

"ನಾನು ಇಲ್ಲೇ ಇರ್ತೀನಿ."

ಹುಡುಗಿ ಒಂದು ಕ್ಷಣ ಅವಳನ್ನೇ ನೋಡಿದಳು. ನಂಬಬೇಕೋ ಬೇಡವೋ ಎಂದು ತೂಗಿ ನೋಡುವ ನೋಟ ಅದು. ನೀರಮ್ಮ ಆ ನೋಟದ ಕೆಳಗೆ ಕದಲದೆ ನಿಂತಳು. ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿತ್ತು.

ನೀರಮ್ಮ ಹೊಸ್ತಿಲ ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅಂಗಳದಲ್ಲಿ ಅವನು ಕೆಮ್ಮಿದ. ಶೀತವಾಗಿದೆಯೇನೋ ಎಂದು ಅವಳ ಜೀವ ಒಂದು ಸಲ ಎದ್ದು ಕೂತಿತು. ಅವಳು ಏಳಲಿಲ್ಲ.